ಅಳ್ಳಿಟ್ಟು ಬಾಯಲ್ಲಿಟ್ಟುಕೊಂಡು ನಕ್ಕದ್ದು

ಬಿದ್ದವರು ಎದ್ದು ಕೂತ ಕೂಡಲೇ ಮೊದಲು ನೋಡುವುದು ತಮ್ಮ ಗಾಯವನ್ನಲ್ಲ, ಸುತ್ತಲಿನ ಜನರನ್ನು. ಇದನ್ನು ನೀವೂ ಗಮನಿಸಿರಬಹುದು. ಮೊಣಕಾಲು ತರಚಿ ರಕ್ತ ಬರುತ್ತಿದ್ದರೂ ಅದರ ಸರದಿ ಆಮೇಲೆ. ಯಾರು ನೋಡಿದರು, ಯಾರು ನಕ್ಕರು, ನಕ್ಕವರಲ್ಲಿ ಪರಿಚಯದವರು ಯಾರು ಎಂಬುದು ಮೊದಲು ತಿಳಿಯಬೇಕು.

ಹೋದ ವಾರ ವಿಜಯಪುರದ ಬಸ್ ನಿಲ್ದಾಣದಲ್ಲಿ ಹೀಗೆಯೇ ಆಯಿತು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಗೃಹಸ್ಥರೊಬ್ಬರು ಫೋನಿನಲ್ಲಿ ಯಾರಿಗೋ ಬುದ್ಧಿ ಹೇಳುತ್ತ ಬರುತ್ತಿದ್ದವರು, ಚಹಾದ ಅಂಗಡಿಯವನು ಗ್ಲಾಸು ತೊಳೆದು ಚೆಲ್ಲಿದ ನೀರಿನ ಮೇಲೆ ಕಾಲಿಟ್ಟು ಧೊಪ್ಪನೆ ಕೂತರು. ಫೋನು ಮಾತ್ರ ಕಿವಿ ಬಿಡಲಿಲ್ಲ. ಎದ್ದು ಸುತ್ತ ನೋಡಿದರು, ನಾವೆಲ್ಲ ನೋಡುತ್ತಿರುವುದನ್ನು ನೋಡಿದರು, ಬೇರೆ ದಾರಿ ಕಾಣದೆ ತಾವೇ ಮೊದಲು ನಕ್ಕರು. ಅಪ್ಪಣೆ ಸಿಕ್ಕಂತಾಗಿ ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿದ್ದವರು ನಗು ಮುಚ್ಚಿಕೊಳ್ಳುತ್ತಿದ್ದಾಳೆ ಎಂದು ತಿಳಿದಿರಬೇಕು. ನಾನು ಮುಚ್ಚಿಕೊಂಡದ್ದು ನಗು ಬಾರದ್ದನ್ನು.

ಇದು ನನ್ನ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಕೆಲವರಿಗೆ ಹಲ್ಲುನೋವು, ಕೆಲವರಿಗೆ ತಲೆಸುತ್ತು ಇರುವ ಹಾಗೆ ನನಗೆ ನಗುವಿನ ಬಾಧೆ. ಅದೂ ಬೇರೆಯವರು ಬಿದ್ದಾಗ, ಎಡವಿದಾಗ, ಬಿಸಿ ಚಹಾ ಮೈಮೇಲೆ ಚೆಲ್ಲಿಕೊಂಡಾಗ. ಸತ್ತವರ ಮಣ್ಣಿಗೆ ಹೋದ ಮನೆಯಲ್ಲಿ ಅಳುವವರ ಸಾಲಿನಲ್ಲಿ ಕೂತು ನಕ್ಕಿದ್ದೇನೆ. ಅಲ್ಲಿ ಒಂದು ಅನುಕೂಲವಿತ್ತು, ಮುಖದ ಮೇಲೆ ಸೆರಗೆಳೆದು ಭುಜ ಕುಣಿಸಿದರೆ ಅಳುವೋ ನಗುವೋ ದೂರದವರಿಗೆ ತಿಳಿಯುವುದಿಲ್ಲ. ನಮ್ಮವ್ವ ಮಾತ್ರ ಮೋಸ ಹೋಗುತ್ತಿರಲಿಲ್ಲ. "ನಗ, ಇನ್ನೀಟ ನಗ, ಒಂದ ದಿನ ನಗೆಗೇಡಿ ಆಗತಿ" ಎನ್ನುತ್ತಿದ್ದಳು. ನಗೆಗೇಡು ಎಂದರೆ ಹತ್ತು ಮಂದಿಯ ನಗುವಿಗೆ ಗುರಿಯಾಗಿ ಕೆಡುವುದು ಎಂದು ನಾನು ತಿಳಿದಿದ್ದೆ. ನಕ್ಕವರು ಕೆಡುವುದಕ್ಕೂ ಅದೇ ಮಾತು ಸಲ್ಲುತ್ತದೆ ಎಂದು ತಿಳಿಯಲು ಐವತ್ತು ವರ್ಷ ಬೇಕಾಯಿತು.

ಅವ್ವನಿಗೆ ನನ್ನ ಮೇಲೆ ಹೀಗೆ ಗದರುವ ಹಕ್ಕು ಧಾರಾಳವಾಗಿತ್ತು. ಬಬಲೇಶ್ವರದ ದಾರಿಯಲ್ಲಿರುವ ಸಾರವಾಡ ನನ್ನ ತವರು. ನಾನು ಶಾಲೆಯಲ್ಲಿ ಏಳನೆಯ ಇಯತ್ತೆಗಿದ್ದಾಗ ತಮ್ಮ ಸಂಗಪ್ಪ ಹುಟ್ಟಿದ. ಅವ್ವ ಬಾಣಂತನದಿಂದ ಪೂರ್ತಿ ಏಳಲೇ ಇಲ್ಲ. ಪಾಟಿಚೀಲ ಗೂಟಕ್ಕೆ ಹೋಯಿತು, ತಮ್ಮ ನನ್ನ ಟೊಂಕಕ್ಕೆ ಬಂದ. ಅವನನ್ನು ಎತ್ತಿಕೊಂಡೇ ನೀರು ತಂದೆ, ರೊಟ್ಟಿ ಬಡಿದೆ, ಜಗಳವಾಡಿದೆ. ನಾಗರ ಪಂಚಮಿ ಬಂದರೆ ಓರಗೆಯವರೆಲ್ಲ ನಮ್ಮ ಮನೆ ಮುಂದಿನ ಬೇವಿನ ಗಿಡದ ಜೋಕಾಲಿಯಲ್ಲಿ ಕಾಲು ಮುಗಿಲಿಗೆ ಚಾಚಿ ಜೀಕುತ್ತಿದ್ದರು. ನಾನು ಕೂಸನ್ನು ಟೊಂಕದ ಮೇಲೆ ಕುಣಿಸುತ್ತ ಕೆಳಗೆ ನಿಂತು ಎಣಿಸುತ್ತಿದ್ದೆ. "ನಿನ್ನ ಸಂಬಂದ ಒಂದ ಪಂಚಮಿನೂ ಜೀಕಲಿಲ್ಲೋ" ಎಂದು ಅವನು ದೊಡ್ಡವನಾದ ಮೇಲೆ ಅದೆಷ್ಟು ಸಲ ಚುಚ್ಚಿದ್ದೇನೋ. ಚೇಷ್ಟೆಯ ಮಾತು, ಆದರೆ ಚೇಷ್ಟೆಯೊಳಗೆ ಒಂದು ಮುಳ್ಳೂ ಇತ್ತು. ನಾನು ಬಿಟ್ಟ ಶಾಲೆಗೆ ಅವನು ಹತ್ತು ವರ್ಷ ಹೋಗಿ, ಹತ್ತರಲ್ಲಿ ಫೇಲಾಗಿ, ಕ್ರೇನ್ ಡ್ರೈವರ್ ಆದ.

ಸಂಗಪ್ಪ ಕೆಟ್ಟವನಲ್ಲ. ಅವನ ತೊಂದರೆಯೆಲ್ಲ ಒಳ್ಳೆಯತನದಿಂದಲೇ. ಮನಸ್ಸಿನಲ್ಲಿ ಒಂದು ಉಪಕಾರ ಹುಟ್ಟಿತೆಂದರೆ ಅದಕ್ಕೆ ತಾಳ್ಮೆ ಇರುವುದಿಲ್ಲ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಾವು ವಿಜಯಪುರಕ್ಕೆ ಬಂದು ಬೇರೆ ಸಂಸಾರ ಹೂಡಿದಾಗ, ಅಕ್ಕನಿಗೆ ಕಪಾಟು ಬೇಕೆಂದು ಕಬ್ಬಿಣದ ಕಪಾಟೊಂದನ್ನು ಮೋಟಾರ್ ಸೈಕಲ್ಲಿನ ಹಿಂದೆ ನಿಲ್ಲಿಸಿ, ಹಗ್ಗ ಬಿಗಿದು, ಒಬ್ಬನೇ ಊರಿಂದ ಹೊಡೆದುಕೊಂಡು ಬಂದ. ದಾರಿಯಲ್ಲಿ ಗಾಳಿಗೆ ಬಾಗಿಲು ತೆರೆದುಕೊಂಡಿತಂತೆ. ಎದುರಿಗೆ ಬಂದ ಮೇಕೆಗಳು ಕನ್ನಡಿಯಲ್ಲಿ ಇನ್ನೊಂದು ಹಿಂಡನ್ನು ಕಂಡು ಬೆದರಿದವಂತೆ, ಇವನು ಅವುಗಳನ್ನು ಉಳಿಸಲು ಹೋಗಿ ಗಟಾರಕ್ಕೆ ಇಳಿದನಂತೆ. ನನ್ನ ಬಾಗಿಲಿಗೆ ಬಂದು ನಿಂತಾಗ ಕಪಾಟಿತ್ತು, ಕನ್ನಡಿ ಇರಲಿಲ್ಲ. ನಾನೂ ನನ್ನ ಗಂಡನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನೂ ಕೆಸರು ಮೆತ್ತಿದ ಮುಖದಲ್ಲಿ ನಕ್ಕ. ಈಗಲೂ ನಾನು ತಲೆ ಬಾಚಿಕೊಳ್ಳುವುದು ಆ ಕಪಾಟಿನ ಮುಂದೆಯೇ. ಮುಖ ಕಾಣಿಸದಿರುವುದೂ ಈ ವಯಸ್ಸಿಗೆ ಒಂದು ಅನುಕೂಲ.

ಹೀಗೆ ಅವನು ಬೀಳುವುದು, ನಾನು ನಗುವುದು ನಮ್ಮಿಬ್ಬರ ನಡುವಿನ ಹಳೆಯ ಒಪ್ಪಂದ. ಗಂಡ ತೀರಿಕೊಂಡ ಮೇಲೂ, ಮಕ್ಕಳಿಲ್ಲದ ನನ್ನ ಒಂದು ಕೋಣೆಯ ಮನೆಗೆ ನಗು ಬರುತ್ತಿದ್ದುದು ಅವನ ಜೊತೆಯಲ್ಲೇ. ನಾನು ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತೇನೆ. ದಿನವಿಡೀ ಬಡಿತದ ಸದ್ದಿನಲ್ಲಿದ್ದು ಮನೆಗೆ ಬಂದರೆ ಮೌನಕ್ಕೂ ಒಂದು ಸದ್ದಿರುತ್ತದೆ ಎಂಬುದು ತಿಳಿಯುತ್ತದೆ. ವರ್ಷಕ್ಕೊಮ್ಮೆ ಪಂಚಮಿಗೆ ಎರಡು ದಿನ ಮುಂಚೆ ಅವನು ಬಾಗಿಲಿಗೆ ಬಂದು, ಹೊಸ್ತಿಲ ಆಚೆಯೇ ನಿಂತು, "ನಡಿ ಬೇ ಯಕ್ಕಾ, ಕರಿಯಾಕ ಬಂದೇನಿ" ಎನ್ನುವನು. ಅಣ್ಣನೋ ತಮ್ಮನೋ ಖುದ್ದಾಗಿ ಬಂದು ಕರೆಯಬೇಕು, ಹೆಣ್ಣುಮಗಳು ಕರೆಯದೆ ತವರಿಗೆ ಹೋಗಬಾರದು. ನಮ್ಮ ಕಡೆ ಪಂಚಮಿಯೆಂದರೆ ನಾಗಪ್ಪನಿಗೆ ಎರೆಯುವ ಹಾಲಿಗಿಂತ ಈ ಕರೆಯುವಿಕೆಯೇ ದೊಡ್ಡದು.

ಮೂರು ವರ್ಷದ ಹಿಂದೆ ರಸ್ತೆ ಅಗಲ ಮಾಡುವವರು ಬಂದು ಆ ಬೇವಿನ ಗಿಡವನ್ನು ಕಡಿದರು. ಕಲ್ಲಿನ ಕಟ್ಟೆ ಮಾತ್ರ ಉಳಿಯಿತು. ಆ ವರ್ಷ ಅವನು ಕರೆಯಲು ಬಂದಾಗ ನಾನು, "ಗಿಡಾ ಇಲ್ಲ, ಜೋಕಾಲಿ ಇಲ್ಲ, ನಾ ಬಂದ ಏನ ಮಾಡ್ಲೋ?" ಎಂದೆ. ಬಿಂಕದ ಮಾತು, ಅಷ್ಟೇ. ಚೀಲ ಆಗಲೇ ಕಟ್ಟಿಟ್ಟಿದ್ದೆ. ಅವನು ಅದನ್ನು ಎದೆಗೆ ಹಚ್ಚಿಕೊಂಡ.

ಆಗ ಅವನು ತಿಕೋಟಾ ಕಡೆ ಕೆಲಸಕ್ಕೆ ಹೋಗುತ್ತಿದ್ದ. ಅಲ್ಲಿ ದ್ರಾಕ್ಷಿ ಬೆಳೆಯುವವರು ಒಣದ್ರಾಕ್ಷಿ ಮಾಡಲು ಶೆಡ್ಡು ಕಟ್ಟಿಸುತ್ತಾರೆ, ಅದರ ಕಬ್ಬಿಣದ ಕಂಬಗಳನ್ನು ಎತ್ತಿ ನಿಲ್ಲಿಸುವುದು ಅವನ ಕ್ರೇನಿನ ಕೆಲಸ. ಪಂಚಮಿಯ ಬೆಳಿಗ್ಗೆ ಮಾಲೀಕರಿಗೆ ಒಂದು ಮಾತೂ ಹೇಳದೆ ಆ ಕ್ರೇನನ್ನು ಸಾರವಾಡಕ್ಕೆ ತಂದು, ಗಿಡವಿಲ್ಲದ ಕಟ್ಟೆಯ ಪಕ್ಕಕ್ಕೆ ನಿಲ್ಲಿಸಿ, ಅದರ ಉದ್ದನೆಯ ಕೈಯನ್ನು ಮುಗಿಲಿಗೆ ಎತ್ತಿ, ತುದಿಯ ಕೊಕ್ಕೆಗೆ ಹೊಸ ಹಗ್ಗ ಕಟ್ಟಿ ಜೋಕಾಲಿ ಬಿಟ್ಟ. ಅಷ್ಟೆತ್ತರದ ಜೋಕಾಲಿಯನ್ನು ಸಾರವಾಡವೇನು, ಸುತ್ತಿನ ಯಾವ ಊರೂ ಕಂಡಿರಲಿಲ್ಲ. ಓಣಿಯ ಹೆಂಗಸರು ನಾಲ್ಕೈದು ಮಂದಿ ಬಂದು ನಿಂತೆವು. ಎಲ್ಲರ ಕೈಯಲ್ಲೂ ಬಾಯಲ್ಲೂ ಅಳ್ಳಿಟ್ಟು. ಜೋಳದ ಅಳ್ಳು ಹುರಿದು, ಬೀಸಿ, ಬೆಲ್ಲ ಕೂಡಿಸಿದ ಆ ಹಬ್ಬದ ಹಿಟ್ಟನ್ನು ಬಾಯಿಗೆ ಹಾಕಿಕೊಂಡರೆ ಅದು ನೆನೆಯುವವರೆಗೆ ಮಾತಾಡುವಂತಿಲ್ಲ. ಹಾಗಾಗಿ ಯಾರೂ ಅವನನ್ನು ತಡೆಯಲಿಲ್ಲ ಎಂದು ಈಗ ಸಮಾಧಾನ ಹೇಳಿಕೊಳ್ಳಬಹುದು. ಚಿತ್ರ ತೆಗೆಯಲು ಯಾರ ಕೈಯಲ್ಲೂ ಮೊಬೈಲ್ ಇರದಿದ್ದುದಕ್ಕೂ ಅದೇ ಅಳ್ಳಿಟ್ಟು ಕಾರಣ.

"ಮೊದಲ ನಾ ನೋಡತೇನಿ ತಡಿ, ನಮ್ಮಕ್ಕ ಏರೂದು ಐತಿ" ಎಂದು ಅವನೇ ಮಣೆಯ ಮೇಲೆ ನಿಂತ.

ಗಿಡದ ಟೊಂಗೆಗೆ ಹಗ್ಗದ ಎರಡು ತುದಿಗಳನ್ನು ದೂರ ದೂರ ಕಟ್ಟುತ್ತೇವೆ, ಆದ್ದರಿಂದ ಜೋಕಾಲಿ ಹಿಂದೆ ಮುಂದೆ ಹೋಗುತ್ತದೆ. ಕ್ರೇನಿಗೆ ಇರುವುದು ಒಂದೇ ಕೊಕ್ಕೆ, ಅದೂ ತಿರುಗುವ ಕೊಕ್ಕೆ. ಹುಟ್ಟಿದಾಗಿನಿಂದ ಜೋಕಾಲಿ ನೋಡಿದವನಿಗೂ, ಹತ್ತು ವರ್ಷ ಕ್ರೇನು ನಡೆಸಿದವನಿಗೂ ಗೊತ್ತಿದ್ದ ಈ ಎರಡು ಸಂಗತಿಗಳು, ಇಬ್ಬರೂ ಒಬ್ಬನೇ ಆಗಿದ್ದರೂ, ಅವನ ತಲೆಯಲ್ಲಿ ಕೂಡಿಬರಲಿಲ್ಲ. ಎರಡು ಸಲ ಜೀಕಿದ. ಮೂರನೆಯದಕ್ಕೆ ಮಣೆ ಓರೆಯಾಗಿ ಬುಗುರಿಯ ಹಾಗೆ ತಿರುಗತೊಡಗಿತು. ಲುಂಗಿ ಬಿಚ್ಚಿ ಮೇಲೆದ್ದು ಹಗ್ಗಕ್ಕೆ ಸುತ್ತಿಕೊಂಡಿತು. ಪಟ್ಟಾಪಟ್ಟಿ ಚಡ್ಡಿಯಲ್ಲಿ ಮುಗಿಲಿನಲ್ಲಿ ಸುತ್ತುತ್ತಿದ್ದ ನಮ್ಮ ಸಂಗಪ್ಪ ಇದೂ ತನ್ನ ಯೋಜನೆಯ ಒಂದು ಭಾಗವೇ ಎಂಬಂತೆ ಒಂದು ಕೈ ಬಿಟ್ಟು ಕೂಗಿದ: "ಯಕ್ಕಾ, ನೋಡಬೇ! ಗುಮ್ಮಟ ಕಾಣಾಕತ್ತೈತಿ!"

ಆಮೇಲೆ ಕಟ್ಟೆಯ ಕಲ್ಲಿನ ಅಂಚಿನ ಮೇಲೆ ಬಿದ್ದ.

ನಾನು ನಕ್ಕೆ. ಬಾಯಿತುಂಬ ಇದ್ದ ಅಳ್ಳಿಟ್ಟು ಬಿಳಿ ಹೊಗೆಯಾಗಿ ಹೊರಬಂದು ಎದುರಿಗಿದ್ದವರ ಹೊಸ ಸೀರೆಗಳ ಮೇಲೆ ಕೂತಿತು. ಬೇರೆ ನಗುವಾದರೆ ನುಂಗಿಬಿಡಬಹುದು. ಇದಕ್ಕೆ ಸಾಕ್ಷಿ ಉಳಿದಿತ್ತು, ನನ್ನ ಗದ್ದದ ಮೇಲೆ, ಎದೆಯ ಮೇಲೆ. ಅವನ ಹೆಂಡತಿ ನೀಲವ್ವ ಓಡಿಹೋಗಿ ಅವನ ತಲೆ ಎತ್ತಿ ಹಿಡಿದು ನನ್ನ ಕಡೆ ತಿರುಗಿದಳು. "ಯಕ್ಕಾರ, ನಿಮಗ ನಗಾಕರ ಮನಸ ಹೆಂಗ ಬರತೈತ್ರಿ!" ಎಂದಳು. ನನಗೆ ನಿಲ್ಲಿಸಲು ಆಗಲಿಲ್ಲ. ಅವನು ಏಳುತ್ತಾನೆ, ಎದ್ದು ಸುತ್ತ ನೋಡುತ್ತಾನೆ, ನೋಡಿ ತಾನೂ ನಗುತ್ತಾನೆ ಎಂದು ಕಾದೆ. ಅವನು ಮಲಗಿದಲ್ಲಿಂದಲೇ ನನ್ನನ್ನೊಬ್ಬಳನ್ನೇ ನೋಡಿದ. ಏಳಲಿಲ್ಲ.

ಟೊಂಕದ ಎಲುಬು ಮುರಿದಿತ್ತು. ನನ್ನ ಟೊಂಕದ ಮೇಲೆ ಬೆಳೆದವನ ಟೊಂಕ.

ನಗರದ ದವಾಖಾನೆಯಲ್ಲಿ ರಾಡು ಹಾಕಿದರು. ಅವನಿದ್ದಷ್ಟು ದಿನವೂ ಖಾನಾವಳಿಯಿಂದ ಮೆತ್ತನೆಯ ರೊಟ್ಟಿ ಒಯ್ದೆ. ಮಂಚದ ಪಕ್ಕ ಕೂತು ಅತ್ತೆ, ಅವನು ಗೋಡೆಯ ಕಡೆ ಮುಖ ಮಾಡಿದ. ನೋಡಲು ಬಂದವರಿಗೆಲ್ಲ ನಾನೇ ಮುಂದಾಗಿ, "ಗಾಬರ್ಯಾಗಿ ನಗಿ ಬಂದುಬಿಡ್ತ್ರಿ, ಕೆಲವರಿಗೆ ಹಂಗ ಆಗತೈತೆಂತ" ಎಂದು ಹೇಳುತ್ತಿದ್ದೆ. ಅವರೂ ಪಾಪ, ಹೌದು ಹೌದು ಎಂದು ತಮ್ಮ ಕಡೆಯ ಒಂದು ಉದಾಹರಣೆ ಕೊಡುತ್ತಿದ್ದರು. ಅದು ಸುಳ್ಳು. ಗಾಬರಿ ಆಮೇಲೆ ಬಂದದ್ದು. ಮೊದಲು ಬಂದದ್ದು ಶುದ್ಧ ನಗು. ಮತ್ತು ಆ ನಗುವಿನ ತಳದಲ್ಲಿ, ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಒಂದು ಹನಿಯಷ್ಟು ಸುಖವೂ ಇತ್ತು. ನನ್ನ ಪಾಟಿಚೀಲವನ್ನು ಗೂಟಕ್ಕೆ ಏರಿಸಿದವನು, ಗಂಡುಹುಡುಗನೆಂದು ಎಲ್ಲರ ಬಾಯಲ್ಲೂ ಹುಲಿ ಎನ್ನಿಸಿಕೊಂಡವನು, ನನ್ನ ಜೋಕಾಲಿಯನ್ನು ಈ ಸಲವೂ ನನಗಿಂತ ಮೊದಲು ಏರಿದವನು ಬಿದ್ದ ಎಂಬ ಸುಖ. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಇದ್ದು ಹೋಯಿತು. ಇದ್ದದ್ದಂತೂ ನಿಜ.

ಅವನು ಊರಿಗೆ ಹೋದ. ಕ್ರೇನಿನ ಕೆಲಸ ಹೋಯಿತು. ಮನೆಯ ಮುಂದೆ ಕೂತು ಪಂಕ್ಚರ್ ತೆಗೆಯುತ್ತಾನೆಂದು ಸುದ್ದಿ ಬಂತು. ಮುಂದಿನ ಪಂಚಮಿಗೆ ಎರಡು ದಿನ ಮುಂಚೆ ನಾನು ಕೋಣೆ ಸಾರಿಸಿ, ಚೀಲ ಕಟ್ಟಿಟ್ಟು ಬಾಗಿಲು ತೆರೆದು ಕೂತೆ. ಅವನು ಬರಲಿಲ್ಲ. ಹಬ್ಬದ ದಿನ ಕಟ್ಟಿದ ಚೀಲವನ್ನು ಬಿಚ್ಚಿದೆ. ಅದರ ಮುಂದಿನ ಪಂಚಮಿಗೂ ಬರಲಿಲ್ಲ. ಆ ಸಲ ಚೀಲ ಕಟ್ಟಿರಲೇ ಇಲ್ಲ, ಆದರೂ ಬಾಗಿಲು ತೆರೆದಿಟ್ಟಿದ್ದೆ. ಫೋನು ಮಾಡಲು ನನಗೆ ಬಾಯಿಲ್ಲ. ಕರೆಯದೆ ಹೋಗಲು ಕಾಲಿಲ್ಲ. ವಿಜಯಪುರದ ಗುಮ್ಮಟದೊಳಗೆ ಒಮ್ಮೆ ನಕ್ಕರೆ ಗೋಡೆಗಳು ಅದನ್ನು ಮತ್ತೆ ಮತ್ತೆ ತಿರುಗಿಸಿ ಕೊಡುತ್ತವೆ, ಕೊಟ್ಟು ಸುಮ್ಮನಾಗುತ್ತವೆ. ನನ್ನ ಹತ್ತಡಿಯ ಕೋಣೆ ಗುಮ್ಮಟಕ್ಕಿಂತ ಗಟ್ಟಿ, ಸುಮ್ಮನಾಗಲೇ ಇಲ್ಲ. ಖಾನಾವಳಿಗೆ ಸೂಟಿ ಇರುವ ದಿನ ಬಸ್ ನಿಲ್ದಾಣಕ್ಕೆ ಹೋಗಿ, ಬಬಲೇಶ್ವರದ ಬಸ್ಸುಗಳು ನಿಲ್ಲುವ ಕಡೆಯ ಬೆಂಚಿನ ಮೇಲೆ ಕೂರುವುದು ಅಭ್ಯಾಸವಾಯಿತು. ಸಾರವಾಡದ ಮುಖ ಯಾವುದಾದರೂ ಇಳಿದೀತು, ದೂರದಿಂದ ನೋಡಿಕೊಂಡೇನು ಎಂದು.

ಹೋದ ವಾರವೂ ಹಾಗೇ ಕೂತಿದ್ದೆ. ಬಿಳಿ ಬಟ್ಟೆಯವರು ಬಿದ್ದರು, ನನಗೆ ನಗು ಬರಲಿಲ್ಲ. ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ಗಂಡ ಹೋದಾಗಲೂ ನನ್ನ ಜೊತೆಗಿದ್ದದ್ದು ಅದೊಂದೇ. ಎದುರಿಗೆ ನಿಂತಿದ್ದ ಬಸ್ಸಿಗೆ ಹತ್ತಿದೆ, ಆಧಾರ್ ಕಾರ್ಡು ತೋರಿಸಿ ಸಾರವಾಡ ಎಂದೆ.

ಅವನು ಬಾಗಿಲ ಮುಂದೆ ತಾಡಪತ್ರಿಯ ನೆರಳಲ್ಲಿ ಕೂತು ಟ್ಯೂಬೊಂದನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಪಕ್ಕದಲ್ಲಿ ಕೋಲು. ತಲೆಯೆತ್ತಿದ.

"ಕರೀದs ಬಂದಿಯಲ್ಲ" ಎಂದ.

"ನೀ ಕರೀಲಿಲ್ಲಲ್ಲ, ಅದಕ್ಕ ಬಂದೆ" ಎಂದೆ.

ನೀಲವ್ವ ನೀರು ಕೊಟ್ಟಳು, ಸೊರಗಿ ಬಡವಾಗಿದ್ದೀರಿ ಎಂದಳು, ಒಳಗೆ ಹೋದಳು. ನಾನು ನೆಲದ ಮೇಲೆ ಕೂತೆ. ಅವನು ಟ್ಯೂಬನ್ನು ತಿರುಗಿಸಿ ಮತ್ತೆ ನೀರಿಗೆ ಅದ್ದಿದ.

"ನನ್ನ ಮ್ಯಾಲ ಸಿಟ್ಟ ಐತೇನು ತಮ್ಮಾ?"

"ಇತ್ತು. ಈಗೂ ಒಂದೀಟ ಐತಿ."

"ಗಾಬರ್ಯಾಗಿ ನಕ್ಕೆ ಅಂತ ಎಲ್ಲಾರಿಗೂ ಹೇಳೇನಲ್ಲ, ಅದು ಸುಳ್ಳೋ. ನಿನ್ನ ನೋಡೇ ನಗಿ ಬಂತು. ಬಿದ್ದೆಲ್ಲ ಅಂತ ಒಂದೀಟ ಸಂತೋಷನೂ ಆತು."

ಅವನು ಟ್ಯೂಬನ್ನು ಒರೆಸಿ, ತೂತಿದ್ದ ಜಾಗವನ್ನು ತಿಕ್ಕತೊಡಗಿದ. "ಗೊತ್ತೈತಿ ತಗೋ. ನಿನ್ನ ಟೊಂಕದ ಮ್ಯಾಲ ಬೆಳದಾಂವ ನಾ. ನಿನ್ನ ನಗಿ ಯಾವುದು, ಗಾಬರಿ ಯಾವುದು ನನಗ ತಿಳಿಯಾಂಗಿಲ್ಲೇನ?" ಎಂದ. ಟ್ಯೂಬನ್ನು ಕೆಳಗಿಟ್ಟು, "ಅದಿರಲಿ. ನಾ ಹೆಂಗ ಬಿದ್ದೆ?" ಎಂದು ಕೇಳಿದ.

ನನಗೆ ಅರ್ಥವಾಗಲಿಲ್ಲ.

"ಎಲ್ಲಾರೂ ನೋಡೀರಿ ಬೇ. ನಾ ಒಬ್ಬನs ನೋಡಿಲ್ಲ. ಚಾದ ಅಂಗಡಿಗೆ ಹ್ವಾದ್ರ ನನ್ನ ನೋಡಿ ಮಾತ ನಿಲ್ಲಸ್ತಾರ. ಇಕಿನ್ನ ಕೇಳಿದ್ರ ಕಣ್ಣಾಗ ನೀರ ತರತಾಳ. ಮೂರ ವರ್ಷಾತು, ಯಾರೂ ಹೇಳವಲ್ರು. ನೀ ನಕ್ಕಾಕಿ, ನೀ ಹೇಳ."

ಹೇಳಿದೆ. ಎದ್ದು ನಿಂತು, ಕೈ ಮೇಲೆ ಮಾಡಿ, ಮಣೆ ಹೇಗೆ ಓರೆಯಾಯಿತು, ಅವನು ಹೇಗೆ ತಿರುಗಿದ ಎಂದು ನನ್ನ ಐವತ್ತು ದಾಟಿದ ಮೈಯನ್ನು ತಿರುಗಿಸಿ ತೋರಿಸಿದೆ. ಅವನು ಪರೀಕ್ಷೆಗೆ ಓದುವವನ ಹಾಗೆ ಗಂಭೀರವಾಗಿ ಕೇಳಿದ. ಎಷ್ಟು ಸುತ್ತು? ಕೈ ಯಾವಾಗ ಬಿಟ್ಟೆ? ಗುಮ್ಮಟ ಅಂದಾಗ ಯಾವ ಕಡೆ ಮುಖ ಇತ್ತು? ತಿಕೋಟಾ ಕಡೆ ಎಂದೆ. "ಅಂದ್ರ ಗುಮ್ಮಟ ಬೆನ್ನಿಗಿತ್ತು" ಎಂದ.

"ಲುಂಗಿ?"

"ಮ್ಯಾಲs ಉಳೀತು. ಕೊಕ್ಕಿ ಹಗ್ಗಕ್ಕ."

"ಆಮ್ಯಾಲ ಯಾರ ಬಿಚ್ಚಿದ್ರು?"

ನನಗೆ ಗೊತ್ತಿರಲಿಲ್ಲ. ಒಳಗಿನಿಂದ ನೀಲವ್ವನ ದನಿ ಬಂತು: "ಯಾರೂ ಬಿಚ್ಚಲಿಲ್ಲ. ಮರುದಿನ ಮಾಲಕರು ಬಂದು ಕ್ರೇನ ತಗೊಂಡ ಹ್ವಾದ್ರು. ಲುಂಗಿ ಹಂಗs ಹಾರಾಡಕೋತ ತಿಕೋಟಾಕ ಹೋತು."

ಸಂಗಪ್ಪ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ನಕ್ಕರೆ ಟೊಂಕ ನೋಯುತ್ತದೆಂದು ಕಾಣುತ್ತದೆ, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು "ಯವ್ವಾ, ಯಪ್ಪಾ" ಎನ್ನುತ್ತ ನಕ್ಕ. ಒಳಗೆ ನೀಲವ್ವನೂ ನಗುತ್ತಿದ್ದಳು. ನಾನು ಮಾತ್ರ ಕೈ ಮೇಲೆತ್ತಿದ ಹಾಗೇ ನಿಂತಿದ್ದೆ.

"ನಗ ಬೇ" ಎಂದ.

"ಬರವಲ್ತೋ."

"ಹಂಗಾರ ಡಾಕ್ಟರಿಗೆ ಹೇಳಿ ನಿನ್ನ ನಗಿಗೂ ಒಂದ ರಾಡ ಹಾಕಸೂನು."

ಊಟವಾಯಿತು. ಹೊರಡುವಾಗ ತಡೆಯಲಾರದೆ ಕೇಳಿದೆ, ಎರಡು ಪಂಚಮಿ ಯಾಕೆ ಬರಲಿಲ್ಲ ಎಂದು. ಅವನು ಟ್ಯೂಬಿಗೆ ಗಾಳಿ ತುಂಬುತ್ತ, ನನ್ನನ್ನು ನೋಡದೆ ಹೇಳಿದ: "ಬಸ್ಸಿನ ಮೆಟ್ಟಲಾ ಏರಾಕ ಕಾಲ ಎತ್ತಾಕ ಬರಂಗಿಲ್ಲ. ಕರೀಬೇಕಂದ್ರ ಖುದ್ದ ಬರಬೇಕು. ಫೋನಿನ್ಯಾಗ ಯಾರರ ಅಕ್ಕನ್ನ ಪಂಚಮಿಗೆ ಕರೀತಾರೇನ?"

ಒಂದು ಮಿಸ್ ಕಾಲ್ ಕೊಟ್ಟಿದ್ದರೂ ನಾನು ಓಡಿಬರುತ್ತಿದ್ದೆ. ಅವನು ಅವನ ಮರ್ಯಾದೆ ಕಾಯ್ದ, ನಾನು ನನ್ನದು, ಇಬ್ಬರೂ ಎರಡು ವರ್ಷ ಒಬ್ಬರಿಗೊಬ್ಬರು ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದೆವು.

"ಈ ಸಲ ನೀನs ಬಂದುಬಿಡ" ಎಂದ. "ಈಗ ಕರದೇನಿ, ಮತ್ತ ಕರದಿಲ್ಲ ಅನಬ್ಯಾಡ."

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎರಡೂ ಕಡೆ ಜೋಳದ ಹೊಲ, ಬರಿಯ ಆಕಾಶ. ಒಂದು ಲುಂಗಿ ಕ್ರೇನಿನ ತುದಿಯಲ್ಲಿ ಒಬ್ಬಂಟಿಯಾಗಿ, ಯಾರ ಹಂಗೂ ಇಲ್ಲದೆ, ಊರೂರು ದಾಟಿ ತಿಕೋಟಾಕ್ಕೆ ಹೋಗುತ್ತಿರುವುದು ಕಣ್ಣಿಗೆ ಕಟ್ಟಿತು. ಸೆರಗು ಬಾಯಿಗೆ ಹೋಗುವಷ್ಟರಲ್ಲಿ ತಡವಾಗಿತ್ತು. ನಕ್ಕೆ, ಕಣ್ಣಲ್ಲಿ ನೀರು ಬರುವ ಹಾಗೆ, ಮುಂದಿನ ಸೀಟಿನವರು ತಿರುಗುವ ಹಾಗೆ.

ಪಕ್ಕದಲ್ಲಿದ್ದ ಹೆಂಗಸು ಗಾಬರಿಯಾದಳು. "ಯಾಕ್ರೀ ಯಕ್ಕಾರ, ಏನಾತ್ರಿ?"

"ನಮ್ಮ ತಮ್ಮ ಬಿದ್ದಾನ್ರಿ" ಎಂದೆ.

"ಅಯ್ಯ ಶಿವನ! ಯಾವಾಗ್ರಿ?"

"ಮೂರ ವರ್ಷಾತ್ರಿ."

ಆಕೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಒಂದು ಗೇಣು ಆಚೆ ಸರಿದು ಕೂತಳು.